ಕೆಂಪು ರಕ್ತಕಣಕ್ಕಾಗಿ ಕೊಂಡ ಸೂಕ್ಷ್ಮದರ್ಶಕ: ಪೀಟರ್ ಆಗ್ರೆಯವರ ಸಂಶೋಧನೆಯ ಜಾಡಿನಲ್ಲಿ ಒಂದು ವರ್ಷದ ಬಳಕೆ

ಜೀವಶಾಸ್ತ್ರ ಕಲಿಸುವವರು ಸೂಕ್ಷ್ಮದರ್ಶಕ ಕೊಳ್ಳಲು ಹೊರಟಾಗ ಅವರ ಮನಸ್ಸಿನಲ್ಲಿ ಇರುವುದು ಈರುಳ್ಳಿಯ ಪೊರೆ, ಕೆರೆ ನೀರಿನ ಹನಿ, ಹೆಚ್ಚೆಂದರೆ ಕಾಂಡದ ಅಡ್ಡಸೀಳು. ಅಷ್ಟಕ್ಕೆ ಅಗ್ಗದ ಉಪಕರಣವೂ ಸಾಕಾಗುತ್ತದೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ನಾನು ಹುಬ್ಬಳ್ಳಿಯ ಒಂದು ಅಂಗಡಿಯಿಂದ ಶಿರಸಿಗೆ ಹೊತ್ತು ತಂದ ಸೂಕ್ಷ್ಮದರ್ಶಕ ಮಾತ್ರ ಕೆಂಪು ರಕ್ತಕಣ ಎಂಬ ಒಂದೇ ಒಂದು ವಸ್ತುವಿಗಾಗಿ ಕೊಂಡದ್ದು. ಪ್ರಥಮ ಪಿಯುಸಿ ಮಕ್ಕಳಿಗೆ ಕೋಶಪೊರೆಯ ಪಾಠ ಹೇಳುವಾಗ ಅಮೆರಿಕದ ವೈದ್ಯ ವಿಜ್ಞಾನಿ ಪೀಟರ್ ಆಗ್ರೆಯವರ ಸಂಶೋಧನೆಯ ಕಥೆಯನ್ನು ನಾನು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಆ ಮನುಷ್ಯ ತನ್ನ ಅರ್ಧ ಆಯಸ್ಸನ್ನು ಕೆಂಪು ರಕ್ತಕಣದ ಪೊರೆಯ ಹಿಂದೆಯೇ ಕಳೆದವರು. ಆದರೆ ಆ ಕಣವನ್ನೇ ಕಾಣದ ಮಕ್ಕಳಿಗೆ ಅದರ ಪೊರೆಯ ಕಥೆ ಹೇಳುವುದು, ಸಮುದ್ರ ನೋಡದವನಿಗೆ ಅಲೆಯನ್ನು ವರ್ಣಿಸಿದಂತೆ ಆಗುತ್ತಿತ್ತು. ಆದ್ದರಿಂದ ಈ ಉಪಕರಣವನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಆಗ್ರೆಯವರ ಸಂಶೋಧನೆಯ ಹಾದಿಯಲ್ಲಿ ಇದು ನಮ್ಮನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ನಿಂತುಬಿಡುತ್ತದೆ.

ಉಪಕರಣದ ವಿವರ ಹೀಗಿದೆ. ಅಂಬಾಲದಲ್ಲಿ ತಯಾರಾದ, ಒಂದೇ ಕಣ್ಣಿನಿಂದ ನೋಡುವ ವಿದ್ಯಾರ್ಥಿ ಮಾದರಿ. ತೆರಿಗೆ ಸೇರಿ 9,400 ರೂಪಾಯಿ ಆಯಿತು. ಕಣ್ಣಿಟ್ಟು ನೋಡುವ ಲೆನ್ಸು, ಅಂದರೆ ಐಪೀಸ್, 10 ಪಟ್ಟಿನದು. ಸ್ಲೈಡಿನ ಕಡೆಗೆ 4, 10, 40 ಮತ್ತು 100 ಪಟ್ಟಿನ ನಾಲ್ಕು ಆಬ್ಜೆಕ್ಟಿವ್‌ಗಳಿದ್ದು, ಕೊನೆಯದನ್ನು ಎಣ್ಣೆ ಹಾಕಿಯೇ ಬಳಸಬೇಕು. ಸ್ಲೈಡನ್ನು ಎಡಬಲಕ್ಕೂ ಹಿಂದುಮುಂದಕ್ಕೂ ತಿರುಪಿನಿಂದ ಸರಿಸುವ ಸ್ಟೇಜು, ಕೆಳಗೆ ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ, ಏರಿಳಿಸಬಹುದಾದ ಕಂಡೆನ್ಸರು, ಅದಕ್ಕೆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಯಾಫ್ರಂ ಎಂಬ ಕಿಂಡಿ, ಬುಡದಲ್ಲಿ ಎಲ್‌ಇಡಿ ದೀಪ. ದೀಪಕ್ಕೆ ಒಳಗೇ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಎರಡು ಪೀರಿಯಡ್‌ಗೆ ತೊಂದರೆಯಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಪ್ರಾಯೋಗಿಕ ತರಗತಿ ನಡೆಸುವವರಿಗೆ ಇದರ ಬೆಲೆ ಗೊತ್ತಿರುತ್ತದೆ. ಕನ್ನಡಿ ತಿರುಗಿಸಿ ಕಿಟಕಿಯ ಬೆಳಕನ್ನು ಹಿಡಿಯುವ ಹಳೆಯ ಮಾದರಿಗಳು ಜುಲೈ ತಿಂಗಳಿನ ಮೋಡದಲ್ಲಿ ಅಲಂಕಾರದ ವಸ್ತುಗಳೇ ಸರಿ.

ಮೊದಲ ಪರೀಕ್ಷೆ ಆಕಾರದ್ದು. ಒಮ್ಮೆ ಬಳಸಿ ಎಸೆಯುವ ಸೂಜಿಯಿಂದ ನನ್ನದೇ ಬೆರಳು ಚುಚ್ಚಿಕೊಂಡು, ಒಂದು ಸಣ್ಣ ಹನಿಯನ್ನು 0.9 ಶೇಕಡಾ ಉಪ್ಪಿನ ದ್ರಾವಣದಲ್ಲಿ ಕಲಸಿ, ಕವರ್ ಸ್ಲಿಪ್ ಮುಚ್ಚಿ ಇಟ್ಟೆ. ಮಕ್ಕಳ ರಕ್ತ ತೆಗೆಯುವ ಪದ್ಧತಿ ನನಗೆ ಸರಿಯೆನಿಸುವುದಿಲ್ಲ. ಬಳಸಿದ ಸ್ಲೈಡುಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ಮುಳುಗಿಸಿಡುವುದನ್ನೂ ತಪ್ಪಿಸಬಾರದು. 400 ಪಟ್ಟಿನಲ್ಲಿ, ಅಂದರೆ 10ರ ಐಪೀಸಿಗೆ 40ರ ಆಬ್ಜೆಕ್ಟಿವ್ ಕೂಡಿಸಿ ನೋಡಿದಾಗ ಮೊದಲು ಎಲ್ಲರೂ ಕೇಳುವ ಪ್ರಶ್ನೆ, ಕೆಂಪು ಎಲ್ಲಿದೆ ಎಂಬುದು. ಒಂದೊಂದಾಗಿ ಕಂಡಾಗ ಕೆಂಪು ರಕ್ತಕಣ ಕೆಂಪಾಗಿರುವುದಿಲ್ಲ, ತೆಳುವಾದ ಹಳದಿಯಾಗಿರುತ್ತದೆ. ರಾಶಿ ಸೇರಿದಾಗಲೇ ಅದು ಕೆಂಪು. ಸೂಕ್ಷ್ಮ ತಿರುಪನ್ನು ಅರ್ಧ ಸುತ್ತು ಆಚೀಚೆ ತಿರುಗಿಸಿದರೆ ಕಣದ ನಡುಭಾಗ ಒಮ್ಮೆ ಬೆಳಗಿ, ಮತ್ತೊಮ್ಮೆ ಕಪ್ಪಾಗುತ್ತದೆ. ನಡುವೆ ತಗ್ಗಿರುವ ಉದ್ದಿನವಡೆಯಂತಹ ತಟ್ಟೆ ಅದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ವಡೆಗೆ ತೂತಿರುತ್ತದೆ, ಇದಕ್ಕೆ ಬರೀ ತಗ್ಗು ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಸುಮಾರು 7ರಿಂದ 8 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ಈ ತಟ್ಟೆ ಹರಿವಿನಲ್ಲಿ ತೇಲುತ್ತಾ ಬಂದು, ಮಗ್ಗುಲು ತಿರುಗಿ, ತನ್ನ ಅಂಚನ್ನು ತೋರಿಸಿ ಮತ್ತೆ ಚಪ್ಪಟೆಯಾಗಿ ಮಲಗುವುದನ್ನು ಈ ಲೆನ್ಸು ಸ್ಪಷ್ಟವಾಗಿ ತೋರಿಸಿತು. ಈ ಪರೀಕ್ಷೆಯಲ್ಲಿ ಉಪಕರಣಕ್ಕೆ ಪೂರ್ತಿ ಅಂಕ.

ಆಗ್ರೆಯವರ ಪೊರೆಯ ಅಧ್ಯಯನ ಆರಂಭವಾದದ್ದೂ ಈ ಆಕಾರದಿಂದಲೇ. 1949ರಲ್ಲಿ ಮಿನೆಸೋಟಾ ರಾಜ್ಯದ ನಾರ್ತ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಅವರು ಹುಟ್ಟಿದರು; ಅವರ ತಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಾಗಿದ್ದೂ ಹೈಸ್ಕೂಲಿನ ಮೊದಲ ರಸಾಯನಶಾಸ್ತ್ರದಲ್ಲಿ ಮಗನಿಗೆ ಬಂದ ದರ್ಜೆ 'ಡಿ'. ಇದನ್ನು ಅವರೇ ಹೇಳಿಕೊಂಡಿದ್ದಾರೆ. ನಾನು ಪ್ರತಿ ವರ್ಷ ತರಗತಿಯಲ್ಲಿ ಇದನ್ನು ತಪ್ಪದೆ ಹೇಳುತ್ತೇನೆ, ಏಕೆಂದರೆ ಹಿಂದಿನ ಬೆಂಚಿನಲ್ಲಿ ಆ ಮಾತು ಬೇಕಾದವರು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಆಗ್ಸ್‌ಬರ್ಗ್ ಕಾಲೇಜಿನಿಂದ 1970ರಲ್ಲಿ ಪದವಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ 1974ರಲ್ಲಿ ವೈದ್ಯಕೀಯ ಪದವಿ, ಆಮೇಲೆ ಕ್ಲೀವ್‌ಲೆಂಡ್‌ನಲ್ಲಿ ಆಸ್ಪತ್ರೆಯ ತರಬೇತಿ, ಚಾಪೆಲ್ ಹಿಲ್‌ನಲ್ಲಿ ರಕ್ತರೋಗಗಳ ವಿಶೇಷ ಅಭ್ಯಾಸ. 1981ರಲ್ಲಿ ಹಾಪ್ಕಿನ್ಸ್‌ಗೆ ಮರಳಿ, ಕೆಂಪುಕಣದ ಪೊರೆಯನ್ನು ಒಳಗಿನ ಹಂದರಕ್ಕೆ ಬಿಗಿಯುವ ಆಂಕಿರಿನ್ ಎಂಬ ಪ್ರೋಟೀನಿನ ಅಧ್ಯಯನಕ್ಕೆ ಹೆಸರಾದ ವ್ಯಾನ್ ಬೆನೆಟ್ ಅವರ ಪ್ರಯೋಗಾಲಯ ಸೇರಿದರು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ವಂಶಪಾರಂಪರ್ಯವಾಗಿ ಬರುವ ಒಂದು ರಕ್ತಹೀನತೆಯನ್ನು. ಈ ಕಾಯಿಲೆಯವರಲ್ಲಿ ಕೆಂಪುಕಣಗಳು ತಟ್ಟೆಯಂತಿರದೆ ಗೋಲಿಯಂತೆ ದುಂಡಾಗಿರುತ್ತವೆ. ಪೊರೆಯ ಒಳಮೈಗೆ ಬಲೆಯಂತೆ ಹರಡಿಕೊಂಡು ಆಕಾರವನ್ನು ಕಾಯುವ ಸ್ಪೆಕ್ಟ್ರಿನ್ ಎಂಬ ಪ್ರೋಟೀನು ಇವರಲ್ಲಿ ಕಡಿಮೆಯಿರುತ್ತದೆ ಎಂಬುದನ್ನು ಆಗ್ರೆ ಮತ್ತು ಸಂಗಡಿಗರು 1982ರಿಂದ 1985ರ ನಡುವಿನ ಪ್ರಬಂಧಗಳಲ್ಲಿ ತೋರಿಸಿದರು; ಕೊರತೆ ಹೆಚ್ಚಿದಷ್ಟೂ ರೋಗ ತೀವ್ರ. ಬಲೆ ಬಡವಾದರೆ ಪೊರೆ ತುಣುಕುತುಣುಕಾಗಿ ಉದುರುತ್ತದೆ, ಪೊರೆ ಕಡಿಮೆಯಾದಂತೆ ತಟ್ಟೆ ಗೋಲಿಯಾಗುತ್ತದೆ, ಗೋಲಿಯಾದ ಕಣ ಗುಲ್ಮದ ಕಿರಿದಾದ ಸಂದುಗಳಲ್ಲಿ ನುಸುಳಲಾರದೆ ಅಲ್ಲೇ ನಾಶವಾಗುತ್ತದೆ. ಈ ಸೂಕ್ಷ್ಮದರ್ಶಕದಲ್ಲಿ ಗೋಲಿ ಆಕಾರದ ಕಣಗಳ ಸಿದ್ಧ ಸ್ಲೈಡನ್ನೂ ನೋಡಿದ್ದೇವೆ. ನಡುವಿನ ತಿಳಿಭಾಗ ಇಲ್ಲದ, ಒಂದೇ ಸಮನೆ ಗಾಢವಾಗಿರುವ, ಅಕ್ಕಪಕ್ಕದವಕ್ಕಿಂತ ಚಿಕ್ಕದಾಗಿ ಕಾಣುವ ಕಣಗಳನ್ನು ಮಕ್ಕಳು ತಾವಾಗಿಯೇ ಗುರುತಿಸಿದರು. ಸ್ಪೆಕ್ಟ್ರಿನ್ ಬಲೆ ಮಾತ್ರ ಕಾಣಲಿಲ್ಲ, ಕಾಣುವಂಥದ್ದೂ ಅಲ್ಲ.

ಎರಡನೆಯ ಪರೀಕ್ಷೆ ರಕ್ತದ ಗುಂಪಿನದು. ಪಾಸಿಟಿವ್, ನೆಗೆಟಿವ್ ಎಂದು ನಾವು ದಿನಬೆಳಗಾದರೆ ಹೇಳುವ ಆರ್‌ಎಚ್ ಅಂಶವನ್ನು ಪತ್ತೆಹಚ್ಚುವ ದ್ರವ ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಣ್ಣ ಸೀಸೆಯಲ್ಲಿ ಸಿಗುತ್ತದೆ. ಒಂದು ಹನಿ ರಕ್ತಕ್ಕೆ ಒಂದು ಹನಿ ಬೆರೆಸಿ ಕಡ್ಡಿಯಿಂದ ಕಲಸಿದರೆ, ಪಾಸಿಟಿವ್ ರಕ್ತ ಒಡೆದ ಹಾಲಿನಂತೆ ಕಾಳುಗಟ್ಟುತ್ತದೆ. ಬರಿಗಣ್ಣಿಗೆ ಇಷ್ಟೇ. 100 ಪಟ್ಟಿನಲ್ಲಿ ಅದೇ ಕಾಳುಗಳು ದ್ವೀಪಗಳಾಗುತ್ತವೆ; 400ಕ್ಕೆ ಏರಿಸಿದರೆ ದ್ವೀಪದ ದಂಡೆಯಲ್ಲಿ ಕಣಕ್ಕೆ ಕಣ ಅಂಟಿಕೊಂಡು, ಒಂದನ್ನೊಂದು ಎಳೆದು, ಮೂಲೆಮೂಲೆಯಾಗಿ ವಿಕಾರಗೊಂಡಿರುವುದು ತಿಳಿಯುತ್ತದೆ. ಪಕ್ಕದಲ್ಲೇ ನೆಗೆಟಿವ್ ರಕ್ತದ ಸ್ಲೈಡಿಟ್ಟರೆ ಬಿಡಿಬಿಡಿಯಾಗಿ ಈಜುವ ಕಣಗಳು. ಉಪಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಒಂದು ಎಚ್ಚರಿಕೆ: 40 ಪಟ್ಟಿನ ಆಬ್ಜೆಕ್ಟಿವ್ ಸ್ಲೈಡಿಗೆ ತೀರಾ ಹತ್ತಿರ ಬರುವುದರಿಂದ ದಪ್ಪ ಹನಿಯ ಮೇಲೆ ಕವರ್ ಸ್ಲಿಪ್ ಇಲ್ಲದೆ ಅದನ್ನು ಇಳಿಸಿದರೆ ಲೆನ್ಸಿಗೆ ರಕ್ತ ಮೆತ್ತಿಕೊಳ್ಳುತ್ತದೆ. ನಮ್ಮಲ್ಲಿ ಎರಡು ಬಾರಿ ಹಾಗಾಯಿತು.

ಹಾಗೆ ಕಣವನ್ನು ಕಣಕ್ಕೆ ಅಂಟಿಸುವ ಆ ಆರ್‌ಎಚ್ ಎಂಬುದು ಪೊರೆಯಲ್ಲಿ ನಿಜವಾಗಿ ಏನು? 1940ರಲ್ಲೇ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಅದನ್ನು ಗುರುತಿಸಿದ್ದರೂ, ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗುವಿದ್ದಾಗ ಆಗುವ ಅನಾಹುತ ವೈದ್ಯರಿಗೆ ಚೆನ್ನಾಗಿ ತಿಳಿದಿದ್ದರೂ, ಆ ವಸ್ತುವನ್ನು ಪೊರೆಯಿಂದ ಬಿಡಿಸಿ ಶುದ್ಧವಾಗಿ ಕೈಗೆ ತೆಗೆದುಕೊಳ್ಳುವುದು ಬಹುಕಾಲ ಸಾಧ್ಯವಾಗಿರಲಿಲ್ಲ. 1980ರ ದಶಕದ ಮಧ್ಯದಲ್ಲಿ ಆಗ್ರೆ ಈ ಕೆಲಸಕ್ಕೆ ಕೈಹಾಕಿದರು. ಅವರ ಇಡೀ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅವರು ಬೇರ್ಪಡಿಸುತ್ತಿದ್ದ ಆರ್‌ಎಚ್ ಪ್ರೋಟೀನು ಸುಮಾರು 32 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ್ದು. ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸಿ ನೋಡಿದಾಗ ಅದರ ಪಟ್ಟಿಯ ಜೊತೆಗೆ ಪ್ರತಿ ಸಲವೂ 28 ಕಿಲೋಡಾಲ್ಟನ್‌ನ ಇನ್ನೊಂದು ಪಟ್ಟಿ ಕಾಣಿಸಿಕೊಳ್ಳುತ್ತಿತ್ತು. ದೊಡ್ಡದು ಮುರಿದು ಆದ ಚೂರೇ ಇರಬೇಕೆಂದು ಮೊದಲು ಅನಿಸಿತು. ಆರ್‌ಎಚ್ ಪ್ರೋಟೀನಿನ ವಿರುದ್ಧ ಪ್ರತಿಕಾಯ ಬೆಳೆಸಲೆಂದು ಮೊಲಗಳಿಗೆ ಚುಚ್ಚಿ ನೋಡಿದರೆ, ಬಂದ ಪ್ರತಿಕಾಯ ಹಿಡಿದದ್ದು ಬೇಕಾದ 32ನ್ನಲ್ಲ, ಬೇಡವಾದ 28ನ್ನು. ಆಮೇಲೆ ತಿಳಿದದ್ದು, ಅದು ಚೂರಲ್ಲ, ಸಂಬಂಧವೇ ಇಲ್ಲದ ಬೇರೆಯದೇ ಪ್ರೋಟೀನು ಎಂದು.

ಹಾಗಾದರೆ ಅಲ್ಲಿಯವರೆಗೆ ಯಾರ ಕಣ್ಣಿಗೂ ಅದು ಬೀಳದಿದ್ದುದೇಕೆ? ಪ್ರಯೋಗಾಲಯಗಳಲ್ಲಿ ಪ್ರೋಟೀನುಗಳನ್ನು ಗುರುತಿಸಲು ಎಲ್ಲರೂ ಬಳಸುವ ಕುಮಾಸಿ ಎಂಬ ನೀಲಿ ಬಣ್ಣವನ್ನು ಈ ಪ್ರೋಟೀನು ಸರಿಯಾಗಿ ಹೀರಿಕೊಳ್ಳುತ್ತಿರಲಿಲ್ಲ. ಒಂದೊಂದು ಕೆಂಪುಕಣದಲ್ಲೂ ಸುಮಾರು 2 ಲಕ್ಷ ಪ್ರತಿಗಳಷ್ಟು ಇರುವ, ಆ ಪೊರೆಯ ಪ್ರಮುಖ ಪ್ರೋಟೀನುಗಳಲ್ಲೊಂದು, ಬಣ್ಣ ಹತ್ತದ ಒಂದೇ ಕಾರಣಕ್ಕೆ ಮರೆಯಲ್ಲಿ ಉಳಿದಿತ್ತು. ಅಗತ್ಯವಿಲ್ಲದ ಕಲ್ಮಶವೆಂದು ತೊಳೆದು ಬಿಸಾಡಬಹುದಾಗಿದ್ದ ಪಟ್ಟಿಯ ಬೆನ್ನು ಹತ್ತಿದರು ಆಗ್ರೆ. ಮೂತ್ರಪಿಂಡದ ನಾಳಗಳಲ್ಲೂ ಅದು ಹೇರಳವಾಗಿ ಸಿಕ್ಕಿತು. 1988ರಲ್ಲಿ ಅದರ ಬಗ್ಗೆ ಮೊದಲ ವಿವರ ಪ್ರಕಟವಾದಾಗ, ಅದೇನು ಕೆಲಸ ಮಾಡುತ್ತದೆ ಎಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ನಮ್ಮ ಮೂರನೆಯ ಪರೀಕ್ಷೆ ನೀರಿನದು. ಈ ಉಪಕರಣ ಕೊಂಡದ್ದು ಸಾರ್ಥಕ ಎನಿಸಿದ್ದು ಇಲ್ಲಿ. ಉಪ್ಪಿನ ದ್ರಾವಣದಲ್ಲಿ ಕಣಗಳು ನೆಮ್ಮದಿಯಾಗಿ ಮಲಗಿರುವ ಸ್ಲೈಡನ್ನು 400 ಪಟ್ಟಿನಲ್ಲಿ ಹೊಂದಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಟ್ಟಿ ಇಳಿಸಿದ ನೀರನ್ನು ತಾಗಿಸಿ, ಎದುರಿನ ಅಂಚಿನಲ್ಲಿ ಹೀರುಗಾಗದದ ತುದಿ ಇಟ್ಟೆ. ಕಾಗದ ದ್ರಾವಣವನ್ನು ಹೀರುತ್ತಾ ಬಂದಂತೆ ನೀರು ಒಳಗೆ ಸರಿಯಿತು. ಕಣಗಳ ನಡುವಿನ ತಗ್ಗು ಮೊದಲು ಮಾಯವಾಯಿತು. ತಟ್ಟೆಗಳು ಉಬ್ಬಿ ದುಂಡಗಾದವು. ಅಗಲ ಕಿರಿದಾಗಿ ಅಂಚು ಹೊಳೆಯಿತು. ಆಮೇಲೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಒಂದು ಕಣ ಇದ್ದ ಜಾಗದಲ್ಲಿ ಇಲ್ಲವಾಯಿತು. ಇನ್ನೊಂದು. ಮತ್ತೊಂದು. ಡಯಾಫ್ರಂ ಅನ್ನು ಬಹುತೇಕ ಮುಚ್ಚಿ, ಕಂಡೆನ್ಸರನ್ನು ಕೊಂಚ ಇಳಿಸಿದಾಗ, ಇಲ್ಲವಾದ ಕಣದ ಜಾಗದಲ್ಲಿ ಕೂದಲೆಳೆಯಷ್ಟು ತೆಳುವಾದ, ಬಣ್ಣವಿಲ್ಲದ ಒಂದು ಉಂಗುರ ಉಳಿದಿರುವುದು ಕಂಡಿತು. ಹಿಮೋಗ್ಲೋಬಿನ್ ಎಲ್ಲ ಚೆಲ್ಲಿಹೋಗಿ ಉಳಿದ ಬರೀ ಪೊರೆ ಅದು. ಪ್ರಯೋಗಾಲಯದವರು ಇದನ್ನು ಕಣದ ಭೂತ ಎಂದೇ ಕರೆಯುತ್ತಾರೆ. ಡಯಾಫ್ರಂ ಇಲ್ಲದ ಅಗ್ಗದ ಮಾದರಿಯಲ್ಲಿ ಈ ಉಂಗುರ ಬೆಳಕಿನಲ್ಲಿ ಕೊಚ್ಚಿಹೋಗಿ ಕಾಣುವುದೇ ಇಲ್ಲ. ಕೊಳ್ಳುವವರು ಪಟ್ಟುಗಳ ಸಂಖ್ಯೆಗಿಂತ ಮೊದಲು ಇದನ್ನು ವಿಚಾರಿಸಬೇಕು.

ಆಗ್ರೆಯವರಂಥವರು ಕೆಂಪುಕಣವನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೂ ಆ ಉಂಗುರದಲ್ಲೇ ಉತ್ತರವಿದೆ. ನಮ್ಮ ಪ್ರೌಢ ಕೆಂಪುಕಣದಲ್ಲಿ ಕೋಶಕೇಂದ್ರವಿಲ್ಲ, ಒಳಗೆ ಬೇರೆ ಪೊರೆಗಳೂ ಇಲ್ಲ. ಒಡೆದು ತೊಳೆದರೆ ಉಳಿಯುವುದು ಹೊರಪೊರೆ ಮಾತ್ರ, ಬೇರೆ ಯಾವ ಬೆರಕೆಯೂ ಇಲ್ಲದೆ. ಇದೇ ಕಾರಣಕ್ಕೆ 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪುಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ, ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗ ಹಿಡಿಯುತ್ತದೆಂದು ಕಂಡು, ಕೋಶಪೊರೆ ಎರಡು ಪದರದ್ದೆಂದು ಹೇಳಲು ಸಾಧ್ಯವಾಯಿತು.

ಕೊಬ್ಬಿನ ಪದರವೆಂದಮೇಲೆ ನೀರು ಅಷ್ಟು ಬೇಗ ಒಳನುಗ್ಗಿದ್ದು ಹೇಗೆ? ನಮ್ಮ ಸ್ಲೈಡಿನ ಮುಂದೆ ಕುಳಿತ ಮಕ್ಕಳಿಗೆ ನಾನು ಕೇಳಿದ ಪ್ರಶ್ನೆ ಇದು; ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ್ದೂ ಇದೇ. ನೀರು ಕೊಬ್ಬಿನ ಮೂಲಕ ಹೇಗೋ ಜಿನುಗುತ್ತದೆ ಎಂದು ಅನೇಕರು ನಂಬಿದ್ದರು. ಆದರೆ ಕೆಂಪುಕಣದಲ್ಲಿ ಅದು ಜಿನುಗುವಿಕೆಗಿಂತ ಬಹಳ ವೇಗವಾಗಿತ್ತು. 1970ರಲ್ಲಿ ರಾಬರ್ಟ್ ಮೇಸಿ ಮತ್ತು ಫಾರ್ಮರ್, ಪಾದರಸದ ಸಂಯುಕ್ತಗಳು ಕೆಂಪುಕಣಕ್ಕೆ ನೀರು ನುಗ್ಗುವುದನ್ನು ತಡೆಯುತ್ತವೆ ಎಂದು ತೋರಿಸಿದರು. ಪಾದರಸ ಹಿಡಿಯುವುದು ಪ್ರೋಟೀನನ್ನು, ಕೊಬ್ಬನ್ನಲ್ಲ. ರೊಮೇನಿಯಾದ ಕ್ಲೂಜ್ ನಗರದಲ್ಲಿ ಗ್ಯೋರ್ಗೆ ಬೆಂಗಾ ಮತ್ತು ಸಂಗಡಿಗರು 1986ರಲ್ಲಿ, ವಿಕಿರಣಶೀಲ ಪಾದರಸದ ಗುರುತು ಹಚ್ಚಿ, ನೀರಿನ ದಾರಿ ಇರಬಹುದಾದ ಪ್ರೋಟೀನುಗಳ ಕಡೆಗೆ ಬೆರಳು ತೋರಿಸಿದ್ದರು. ಪ್ರಶಸ್ತಿ ಪಟ್ಟಿಯಲ್ಲಿ ಬೆಂಗಾ ಅವರ ಹೆಸರಿಲ್ಲ. ನಾನು ಪಾಠ ಹೇಳುವಾಗ ಅವರ ಹೆಸರನ್ನು ಬಿಡುವುದಿಲ್ಲ. ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಪಾದರಸದ ಪ್ರಯೋಗವನ್ನು ಶಾಲಾ ಕಾಲೇಜುಗಳಲ್ಲಿ ಯಾರೂ ಮಾಡಹೋಗಬಾರದು ಎಂದು ಇಲ್ಲೇ ಹೇಳಿಬಿಡುತ್ತೇನೆ.

ಆಗ್ರೆಯವರ ಕೈಯಲ್ಲಿದ್ದ ಹೆಸರಿಲ್ಲದ ಪ್ರೋಟೀನು ಮತ್ತು ಈ ಹಳೆಯ ಪ್ರಶ್ನೆ, ಇವೆರಡೂ ಒಂದೇ ಎಂದು ಮೊದಲು ಹೊಳೆದದ್ದು ಅವರಿಗಲ್ಲ. ಮಕ್ಕಳನ್ನು ಕರೆದುಕೊಂಡು ಫ್ಲಾರಿಡಾ ಪ್ರವಾಸ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಅವರು ಚಾಪೆಲ್ ಹಿಲ್‌ನಲ್ಲಿ ತಮ್ಮ ಹಳೆಯ ಗುರು, ರಕ್ತರೋಗ ತಜ್ಞ ಜಾನ್ ಪಾರ್ಕರ್ ಅವರನ್ನು ಕಂಡರು. ಕೆಂಪುಕಣದಲ್ಲಿ ಹೇರಳ, ಮೂತ್ರಪಿಂಡದ ನಾಳದಲ್ಲಿ ಹೇರಳ, ಕೆಲಸ ಮಾತ್ರ ತಿಳಿಯದು ಎಂದು ವಿವರಿಸಿದಾಗ, ಇವೆರಡೂ ನೀರನ್ನು ಅತಿ ವೇಗವಾಗಿ ಬಿಟ್ಟುಕೊಡುವ ಜಾಗಗಳಲ್ಲವೇ, ಎಲ್ಲರೂ ಹುಡುಕುತ್ತಿರುವ ನೀರಿನ ಕಾಲುವೆ ಇದೇ ಏಕಾಗಿರಬಾರದು ಎಂದು ಪಾರ್ಕರ್ ಕೇಳಿದರು. 1991ರಲ್ಲಿ ಗ್ರೆಗರಿ ಪ್ರೆಸ್ಟನ್ ಮತ್ತು ಆಗ್ರೆ ಅದರ ವಂಶವಾಹಿಯ ಪ್ರತಿಯನ್ನು ಪಡೆದರು. ಆಮೇಲೆ ವಿಲಿಯಂ ಗುಗ್ಗಿನೊ ಅವರ ಜೊತೆಗೂಡಿ, ಆಫ್ರಿಕಾದ ಝೆನೊಪಸ್ ಕಪ್ಪೆಯ ಮೊಟ್ಟೆಕೋಶಗಳಿಗೆ ಆ ಪ್ರೋಟೀನನ್ನು ತಯಾರಿಸುವ ಆರ್‌ಎನ್‌ಎಯನ್ನು ಸೇರಿಸಿದರು. ಕೊಳದ ಸಿಹಿನೀರಿನಲ್ಲಿ ಬದುಕುವ ಈ ಮೊಟ್ಟೆಗಳಿಗೆ ನೀರನ್ನು ತಡೆದುಕೊಳ್ಳುವುದು ಸ್ವಭಾವ. ತೆಳು ದ್ರಾವಣದಲ್ಲಿಟ್ಟಾಗ ಸಾಮಾನ್ಯ ಮೊಟ್ಟೆಗಳು ಹಾಗೇ ಇದ್ದವು. ಪ್ರೋಟೀನು ಪಡೆದ ಮೊಟ್ಟೆಗಳು ಊದಿ ಸುಮಾರು 3 ನಿಮಿಷದೊಳಗೆ ಅರಳು ಸಿಡಿದಂತೆ ಸಿಡಿದವು. 1992ರಲ್ಲಿ ಇದು ಪ್ರಕಟವಾಯಿತು, ಮರುವರ್ಷ ಆ ಪ್ರೋಟೀನಿಗೆ ಅಕ್ವಾಪೊರಿನ್ ಎಂಬ ಹೆಸರು ನಿಂತಿತು.

ಇಲ್ಲಿಂದ ಮುಂದೆ ನಮ್ಮ ಸೂಕ್ಷ್ಮದರ್ಶಕ ಬರಲಾರದು, ಯಾವ ಬೆಳಕಿನ ಸೂಕ್ಷ್ಮದರ್ಶಕವೂ ಬರಲಾರದು. ಬೆಳಕಿನಿಂದ ಬಿಡಿಸಿ ನೋಡಬಹುದಾದ ಅತಿ ಚಿಕ್ಕ ಅಂತರ ಸುಮಾರು 0.2 ಮೈಕ್ರಾನ್, ಪೊರೆಯ ದಪ್ಪ ಅದರ ಇಪ್ಪತ್ತೈದರಲ್ಲೊಂದು ಭಾಗದ ಆಸುಪಾಸಿನದು. ಅಕ್ವಾಪೊರಿನ್ ಒಳಗಿನ ದಾರಿಯಂತೂ ಒಂದು ನೀರಿನ ಅಣು ಮಾತ್ರ ಹೋಗುವಷ್ಟು ಕಿರಿದು. 2000ದಲ್ಲಿ ಫುಜಿಯೋಶಿ, ಎಂಗೆಲ್ ಮತ್ತು ಆಗ್ರೆಯವರ ತಂಡಗಳು ಎಲೆಕ್ಟ್ರಾನುಗಳ ನೆರವಿನಿಂದ ಅದರ ಒಳರಚನೆ ಬಿಡಿಸಿದಾಗ, ಎರಡೂ ತುದಿಗೆ ಅಗಲವಾಗಿ ನಡುವೆ ಸೊಂಟ ಕಟ್ಟಿದಂತಿರುವ ದಾರಿಯಲ್ಲಿ ಅಣುಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಹಿಂದೊಂದು ಸಾಗುತ್ತವೆ ಎಂಬುದು ಖಚಿತವಾಯಿತು. ಸೆಕೆಂಡಿಗೆ ಸುಮಾರು 300 ಕೋಟಿ ಅಣುಗಳು ಒಂದೇ ಕಾಲುವೆಯಲ್ಲಿ ದಾಟುತ್ತವೆ, ಆದರೆ ಆಮ್ಲದ ಪ್ರೋಟಾನು ಒಂದೂ ನುಸುಳುವುದಿಲ್ಲ. ಅಂಗಡಿಯವರು 1000 ಪಟ್ಟು ಎಂದು ದೊಡ್ಡದಾಗಿ ಹೇಳುವ ಎಣ್ಣೆಯ ಆಬ್ಜೆಕ್ಟಿವ್ ಹಾಕಿದರೂ ಇವುಗಳ ಸುಳಿವು ಸಿಗುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಇಲ್ಲವಾದರೆ ಒಳ್ಳೆಯ ಉಪಕರಣದ ಮೇಲೆ ಇಲ್ಲದ ಬೇಸರ ಹುಟ್ಟುತ್ತದೆ.

ಎಣ್ಣೆಯ ಆಬ್ಜೆಕ್ಟಿವ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಮಲೇರಿಯಾದ ಸಿದ್ಧ ಸ್ಲೈಡಿಗೆ. ಬಣ್ಣ ಹಾಕಿದ ಆ ಸ್ಲೈಡಿನಲ್ಲಿ ಕೆಲವು ಕೆಂಪುಕಣಗಳ ಒಳಗೆ, ಚುಕ್ಕೆಯಿಟ್ಟ ಪುಟ್ಟ ಉಂಗುರದಂತೆ ಪರಾವಲಂಬಿ ಕುಳಿತಿರುವುದು ಕಾಣುತ್ತದೆ. ಮೊದಲ ಸಲ ಹುಡುಕಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ನೊಬೆಲ್ ಬಂದ ಮೇಲೂ ಆಗ್ರೆ ಕೆಂಪುಕಣವನ್ನು ಬಿಡಲಿಲ್ಲ. 2008ರಿಂದ ಜಾನ್ಸ್ ಹಾಪ್ಕಿನ್ಸ್ ಮಲೇರಿಯಾ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ, ಜಾಂಬಿಯಾದ ಮಾಚಾ ಎಂಬ ಹಳ್ಳಿಯ ಕ್ಷೇತ್ರಕೇಂದ್ರದವರೆಗೂ ಆ ಕೆಲಸವನ್ನು ಒಯ್ದರು. ಮಲೇರಿಯಾದ ಪರಾವಲಂಬಿಗೂ ತನ್ನದೇ ಒಂದು ಅಕ್ವಾಪೊರಿನ್ ಇದೆ, ಅದು ಗ್ಲಿಸರಾಲನ್ನೂ ಒಳಬಿಡುತ್ತದೆ. ಇಲಿಗಳ ಮಲೇರಿಯಾದಲ್ಲಿ ಅದನ್ನು ತೆಗೆದುಹಾಕಿದಾಗ ಪರಾವಲಂಬಿಯ ಬೆಳವಣಿಗೆ ನಿಧಾನವಾಯಿತು.

ಮೂತ್ರಪಿಂಡದ ಭಾಗವನ್ನು ಪಾಠದಲ್ಲಿ ಬೇಗ ಮುಗಿಸುತ್ತೇನೆ, ಆದರೆ ಬಿಡುವುದಿಲ್ಲ. ದಿನಕ್ಕೆ ಸುಮಾರು 180 ಲೀಟರ್ ದ್ರವ ನಮ್ಮ ಮೂತ್ರಪಿಂಡಗಳಲ್ಲಿ ಸೋಸಿ, ಒಂದೆರಡು ಲೀಟರ್ ಬಿಟ್ಟು ಉಳಿದುದೆಲ್ಲ ಮರಳಿ ರಕ್ತಕ್ಕೆ ಸೇರುವುದು ಬಹುಪಾಲು ಅಕ್ವಾಪೊರಿನ್ ಕುಟುಂಬದ ಕಾಲುವೆಗಳ ಮೂಲಕ. ಆ ಕುಟುಂಬದ ಎರಡನೆಯ ಅಕ್ವಾಪೊರಿನ್ ಕೆಟ್ಟಿರುವವರು ಎಷ್ಟು ಕುಡಿದರೂ ನೀರನ್ನು ಹಿಡಿದಿಟ್ಟುಕೊಳ್ಳಲಾರರು. ಮೊದಲನೆಯದೇ ಹುಟ್ಟಿನಿಂದ ಇಲ್ಲದ ಅಪರೂಪದ ಕೆಲವರನ್ನು ಕಾಲ್ಟನ್ ಎಂಬ ರಕ್ತದ ಗುಂಪಿನ ಮೂಲಕವೇ ಗುರುತಿಸಲಾಯಿತು. ಅವರಿಗೆ ದಿನನಿತ್ಯ ತೊಂದರೆಯಿಲ್ಲ, ಆದರೆ ನೀರು ಕುಡಿಯದೆ ಇದ್ದಾಗ ಅವರ ಮೂತ್ರ ನಮ್ಮದರಷ್ಟು ಗಟ್ಟಿಯಾಗುವುದಿಲ್ಲ.

ಇನ್ನು ಉಪಕರಣದ ದೋಷಗಳನ್ನು ಹೇಳಲೇಬೇಕು. ಸೂಕ್ಷ್ಮ ತಿರುಪು ಮೂರನೆಯ ತಿಂಗಳಿಗೆ ಜಾರಲು ಶುರುವಾಯಿತು: ಹೊಂದಿಸಿ ಕೈ ಬಿಟ್ಟರೆ ನಿಧಾನವಾಗಿ ಕೆಳಗಿಳಿದು ಚಿತ್ರ ಮಸುಕಾಗುತ್ತಿತ್ತು. ಅಂಗಡಿಗೆ ಫೋನು ಮಾಡಿದರೆ ವಾರಂಟಿ ಲೆನ್ಸಿಗೆ ಮಾತ್ರ ಎಂಬ ಉತ್ತರ ಬಂತು. ಕೊಳ್ಳುವಾಗ ಆ ಮಾತನ್ನು ಅವರು ಹೇಳಿರಲಿಲ್ಲ. ಕೊನೆಗೆ ಊರಿನಲ್ಲೇ ಗಡಿಯಾರ ರಿಪೇರಿ ಮಾಡುವವರೊಬ್ಬರು ಬಿಗಿ ಮಾಡಿಕೊಟ್ಟರು, ಆಮೇಲೆ ತೊಂದರೆ ಆಗಿಲ್ಲ. 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ನೋಟದ ಅಂಚಿನ ಕಾಲುಭಾಗ ಮಸುಕಾಗಿಯೇ ಇರುತ್ತದೆ, ನಡುಭಾಗ ಮಾತ್ರ ನಂಬಬಹುದು. ಆಗಸ್ಟ್ ತಿಂಗಳಲ್ಲಿ ಐಪೀಸಿನ ಒಳಗೆ ಜೇಡನ ಬಲೆಯಂತೆ ಬೂಸಲು ಕಾಣಿಸಿತು. ಇದು ತಯಾರಕರ ತಪ್ಪಲ್ಲ, ನಮ್ಮ ಮಳೆಯದ್ದು. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೆನ್ಸುಗಳನ್ನು ಇಡಲು ಆರಂಭಿಸಿದ ಮೇಲೆ ಮತ್ತೆ ಬಂದಿಲ್ಲ. ಎಣ್ಣೆಯ ಆಬ್ಜೆಕ್ಟಿವ್ ಬಳಸಿದ ದಿನವೇ ಒರೆಸಿಡದಿದ್ದರೆ ಎಣ್ಣೆ ಒಣಗಿ ಅಂಟಾಗುತ್ತದೆ.

ಇಷ್ಟೆಲ್ಲ ಇದ್ದರೂ ಪಿಯು ಕಾಲೇಜಿಗೆ ಈ ಮಾದರಿಯನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಎರಡು ಕಣ್ಣಿನ ಮಾದರಿಗೆ ಹೆಚ್ಚು ಹಣ ಸುರಿಯುವ ಬದಲು ಅದೇ ದುಡ್ಡಿನಲ್ಲಿ ಇಂಥ ಎರಡು ಕೊಂಡರೆ ಹೆಚ್ಚು ಮಕ್ಕಳಿಗೆ ನೋಡಲು ಸಮಯ ಸಿಗುತ್ತದೆ. ಹಣ ಕೊಡುವ ಮೊದಲು ಅಂಗಡಿಯಲ್ಲೇ ಒಂದು ಸ್ಲೈಡಿಟ್ಟು, 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಹೊಂದಿಸಿ, ಐದು ನಿಮಿಷ ಕೈಬಿಟ್ಟು ಚಿತ್ರ ನಿಲ್ಲುತ್ತದೆಯೇ ಎಂದು ನೋಡಬೇಕು. ನಾನು ನೋಡಿರಲಿಲ್ಲ.

ನೀರಿನ ಪರೀಕ್ಷೆಯ ದಿನ ಒಬ್ಬಳು ವಿದ್ಯಾರ್ಥಿನಿ ಕಣ್ಣು ತೆಗೆಯದೆ ಕೇಳಿದಳು: "ಸರ್, ಎಲ್ಲದಕ್ಕೂ ಒಂದೇ ನೀರು ತಾಗಿದೆ, ಆದರೆ ಕೆಲವು ಮೊದಲು ಒಡೆದವು, ಕೆಲವು ಇನ್ನೂ ಹಾಗೇ ಇವೆ. ಯಾಕೆ?" ಕೆಂಪುಕಣ ಸುಮಾರು 120 ದಿನ ಬದುಕುತ್ತದೆ, ಒಂದೇ ಹನಿಯಲ್ಲಿ ಎಳೆಯವೂ ಮುದಿಯವೂ ಕಲೆತಿರುತ್ತವೆ, ಪೊರೆ ಸವೆದು ದುಂಡಾಗುತ್ತಾ ಬಂದದ್ದಕ್ಕೆ ಊದಲು ಜಾಗ ಕಡಿಮೆ ಎಂದು ಹೇಳಿದೆ, ಗೋಲಿ ಆಕಾರದ ಕಣಗಳ ಕಾಯಿಲೆಯನ್ನು ಆಸ್ಪತ್ರೆಗಳಲ್ಲಿ ಪತ್ತೆಹಚ್ಚಲು ಉಪ್ಪಿನ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನೋಡುವ ಪರೀಕ್ಷೆಯೂ ಇದೇ ತತ್ತ್ವದ್ದು ಎಂದೂ ಹೇಳಿದೆ. ಅವಳಿಗೆ ಅಷ್ಟು ಸಾಲಲಿಲ್ಲ. ಈಗ ಶನಿವಾರದ ಮಧ್ಯಾಹ್ನಗಳಲ್ಲಿ 0.9ರಿಂದ 0.3 ಶೇಕಡಾವರೆಗೆ ಏಳು ದ್ರಾವಣ ಮಾಡಿಟ್ಟುಕೊಂಡು, ಒಂದೊಂದರಲ್ಲೂ ನೂರು ಕಣ ಎಣಿಸಿ, ಉಳಿದವೆಷ್ಟು ಒಡೆದವೆಷ್ಟು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದಾಳೆ. 0.5ರವರೆಗೆ ಬಂದಿದ್ದಾಳೆ.